ನಾಲ್ಕು ಸೊನ್ನೆ

ಇಪ್ಪತ್ತೆರಡು ವರ್ಷ
ನೀರು ಹೊರಗೆ ಹೋಗದ ಹಾಗೆ ನೋಡಿಕೊಂಡವನು ನಾನು.
ವಾಸ್ಕೋದ ಮಹಡಿಗಳು, ಪರ್ವರಿಯ ಬಂಗಲೆಗಳು.
ಗೋಡೆಯ ಹಸಿ ಕಲೆ ನೋಡಿಯೇ
ಒಳಗೆ ಯಾವ ಎಲ್ಬೋ ಬಿರುಕು ಬಿಟ್ಟಿದೆ ಹೇಳಬಲ್ಲೆ.
ಇಲ್ಲಿ, ಬ್ರಿಟೋನಾದ ದಂಡೆಯಲ್ಲಿ,
ದಿಮ್ಮಿಗಳ ಮೇಲೆ ಕೂತ ಈ ಹಳೆಯ ಹಾಯಿದೋಣಿಯಲ್ಲಿ
ಎಲ್ಲ ತಿರುಗಾಮುರುಗಾ.
ನೀರು ಹೊರಗಿದೆ, ಇಡೀ ಮಾಂಡೋವಿಯಷ್ಟು.
ಒಳಗೆ ಬರಲು ಅದು ಬಾಗಿಲು ತಟ್ಟುವುದಿಲ್ಲ,
ಒಂದು ಕ್ಲಿಪ್ಪು ತುಕ್ಕು ಹಿಡಿದರೆ ಸಾಕು.

ಒಡತಿ ಇರ್ಮಿನಾಬಾಯಿ, ಎಪ್ಪತ್ತು ದಾಟಿದವರು,
ಏಣಿ ಹತ್ತಿ ಬಂದು ಮಡಿಕೆ ಹರಿದ ಕಾಗದ ಕೊಟ್ಟರು.
ತೀರಿಹೋದ ಗಂಡನ ನಕ್ಷೆ. ಪೆನ್ಸಿಲ್ಲಿನ ಗೆರೆ,
ತಳದಲ್ಲಿ ನಾಲ್ಕು ಸೊನ್ನೆ.
ನಾಲ್ಕೇ ತೂತು, ಎಂದರು. ನಾಲ್ಕಕ್ಕೂ ಬಿರಡೆ ಇದೆ.
ಇತ್ತು. ಪ್ರತಿ ವಾಲ್ವಿನ ಕುತ್ತಿಗೆಗೂ
ದಾರದಲ್ಲಿ ಕಟ್ಟಿದ ಹಾಲವಾಣದ ಮೆದು ಮೊನೆ,
ವಾಲ್ವು ಕೈಕೊಟ್ಟ ರಾತ್ರಿ ಜಡಿಯಲೆಂದು.
‘ತಾಯತ ಕಟ್ಟ್ಯಾರ’ ಎಂದಳು ದಾನಮ್ಮ.

ದಾನಮ್ಮ ನನ್ನ ಮಗಳು. ಹತ್ತನೆಯ ಪರೀಕ್ಷೆ ಬರೆದು ಕೂತವಳು.
ನನ್ನ ಕೈ ಹೋಗದಲ್ಲಿ ಅವಳದು ಹೋಗುತ್ತದೆ.
ಪಾಯಿಖಾನೆಯ ಹಿಂದಿನ ಗೂಡಿಗೆ ತೋಳು ತೂರಿಸಿ,
ಕೆನ್ನೆಯನ್ನು ಹಲಗೆಗೊತ್ತಿ, ಕಣ್ಣು ಮುಚ್ಚಿ ಹುಡುಕುತ್ತಾಳೆ,
ಗುಳೇದಗುಡ್ಡದಲ್ಲಿ ನಮ್ಮವ್ವ
ಕುಣಿಮಗ್ಗದಲ್ಲಿ ಕಡಿದ ಎಳೆ ಹುಡುಕುತ್ತಿದ್ದ ಹಾಗೆ.

ಎರಡು ದಿನ ಪೈಪು ಕಿತ್ತದ್ದೇ ಕಿತ್ತದ್ದು.
ಹೊರಗೆ ಒಂದೂವರೆ ಇಂಚು, ಒಳಗೆ ಬೆರಳೂ ತೂರದು;
ಉಚ್ಚೆಯೂ ಉಪ್ಪುನೀರೂ ಕೂಡಿ ಸಂಸಾರ ಮಾಡಿ
ಸುಣ್ಣವಾಗಿ ಕಟ್ಟಿಕೊಂಡಿವೆ.
ನೆಲಕ್ಕೆ ಬಡಿದರೆ ಬಿಳಿ ಚಕ್ಕೆ ಉದುರುತ್ತದೆ.
ಯಾರ್ಯಾರದೋ, ಯಾವ ಕಾಲದ ವಿಹಾರದ್ದೋ.
ಹಿಡಿ ತಿರುಗದ ಕಂಚಿನ ವಾಲ್ವಿಗೆ
ಬಿಸಿನೀರು ಕೊಟ್ಟೆ, ಎಣ್ಣೆ ಕೊಟ್ಟೆ, ಬೈದೆ.
ಬೈದದ್ದಕ್ಕೆ ಜಗ್ಗಿತು.

ಮೂರನೆಯ ಮಧ್ಯಾಹ್ನ,
‘ಅಪ್ಪಾ, ಇಲ್ಲಿ ಇನ್ನೊಂದೈತಿ.’
ಏನದು?
‘ತೂತು. ಅದರಾಗ ಏನೋ ಮೆತ್ತಗ ಹತ್ತತೈತಿ.’

ಟಾರ್ಚು ಹಿಡಿದು, ಕನ್ನಡಿ ಓರೆ ಮಾಡಿ ನೋಡಿದೆ.
ತೆಗೆದುಹಾಕಿದ ಸಿಂಕಿನ ಮೋಟು ಪೈಪು. ವಾಲ್ವಿಲ್ಲ.
ಬಾಯಿಗೆ ಫೆನ್ನಿ ಬಾಟಲಿಯ ಬೂಚು,
ಸುತ್ತ ಒಂದು ಕ್ಲಿಪ್ಪು, ಮುಟ್ಟಿದ್ದೇ ಪುಡಿ.
ಎಷ್ಟು ಮಳೆಗಾಲದ ಕೆಂಪು ನೀರು
ಈ ಬೂಚಿನಾಚೆ ಭುಜ ಕೊಟ್ಟು ನಿಂತಿತ್ತೋ!
ಅದರ ಮೇಲಿನ ಹಲಗೆಗೇ ಹಾಸಿಗೆ ಹಾಸಿ
ಗಂಡಹೆಂಡಿರು ಮಲಗುತ್ತಿದ್ದದ್ದು.

ಹೇಳಲೋ ಬೇಡವೋ ಎಂದು ಒಂದು ಬೀಡಿ ಸುಟ್ಟೆ.
ಹೇಳಿದೆ.
ಇರ್ಮಿನಾಬಾಯಿ ಬೂಚನ್ನು ಮೂಸಿದರು,
ಕೆಸರು ಬಿಟ್ಟು ಬೇರೇನೂ ವಾಸನೆಯಿರಲಿಲ್ಲ.
‘ಆ ಸಿಂಕು ತೆಗೆದ ವರ್ಷ
ಕುಡಿಯೋದು ಬಿಟ್ಟೆ ಅಂತ ಇಗರ್ಜಿಯಲ್ಲಿ ಆಣೆ ಹಾಕಿದ್ದ’ ಎಂದರು.
ಆಮೇಲೆ ನಗತೊಡಗಿದರು,
ಏಣಿ ಅಲ್ಲಾಡುವಷ್ಟು. ನಾನು ಹೋಗಿ ಹಿಡಿದುಕೊಂಡೆ.

ತೂತಿಗೆ ಒಳಗೂ ಹೊರಗೂ ಫೈಬರು ಹಚ್ಚಿದೆ.
ಹೊಸ ಪೈಪು, ಒಂದೊಂದು ತುದಿಗೆ ಎರಡೆರಡು ಕ್ಲಿಪ್ಪು.
ದಾನಮ್ಮ ನಕ್ಷೆಯಲ್ಲಿ ಐದನೆಯ ಸೊನ್ನೆ ಬರೆದು
ಅದರ ಮೇಲೆ ಕಾಟು ಹೊಡೆದಳು.

ಹುಣ್ಣಿಮೆಯ ಹಗಲಿನ ಉಬ್ಬರಕ್ಕೆ ದೋಣಿ ತೇಲಿತು.
ಊರಿಂದ ರೊಟ್ಟಿ ಸುತ್ತಿ ಬಂದಿದ್ದ ಪೇಪರು ಹರಿದು
ಕೀಲುಕೀಲಿನಡಿಗೆ ಹಾಸಿ
ರಾತ್ರಿಯೆಲ್ಲ ಅಲ್ಲೇ ಬಿದ್ದುಕೊಂಡೆವು.
ನಿದ್ದೆ ಬರಲಿಲ್ಲ. ಕಿವಿಯ ಹತ್ತಿರವೇ ನದಿ,
ನಡುವೆ ಒಂದಂಗುಲ ದಪ್ಪ.

ಬೆಳಿಗ್ಗೆ ಎಲ್ಲ ಒಣ.
ಅಡುಗೆಮೂಲೆಯ ಪಂಪಿನಡಿ ಮಾತ್ರ
ಒಣಮೆಣಸಿನಕಾಯಿ ದರದ ಮೇಲೆ
ಒಂದು ರೂಪಾಯಿಯಗಲ ಹಸಿ.
ಮೇಲಿಂದ ಬಗ್ಗಿ ನೋಡುತ್ತಿದ್ದ ಇರ್ಮಿನಾಬಾಯಿ
ಶಿಲುಬೆಯ ಗುರುತು ಹಾಕಿ ಅರ್ಧಕ್ಕೇ ನಿಲ್ಲಿಸಿದರು.
ದಾನಮ್ಮ ಬೆರಳು ಒತ್ತಿ
ನಾಲಿಗೆಗಿಟ್ಟುಕೊಂಡು, ಚಪ್ಪರಿಸಿ,
ಮತ್ತೊಮ್ಮೆ ಇಟ್ಟುಕೊಂಡು,

‘ಸಿಹಿನೀರಪ್ಪ. ನಮ್ಮ ಟಾಕಿದು.
ಹದಿನಾಲ್ಕರ ಪಾನಾ ಕೊಡು.’